ನಿಮಗಿದು ಗೊತ್ತೆ? ಮುಂಬಯಿ ಕಪ್, ಬೆಂಗಳೂರಿನ ಕಾಲು

ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲನ್ನು ಮೊದಲು ಗೆದ್ದ ಭಾರತೀಯ ತಂಡ ಮುಂಬಯಿಯದಲ್ಲ, ಕಲ್ಕತ್ತೆಯದೂ ಅಲ್ಲ. ಅದು ನಮ್ಮ ಬೆಂಗಳೂರಿನದು!

1891ರಲ್ಲಿ ಶುರುವಾದ ಈ ನಾಕೌಟ್ ಟೂರ್ನಿಯಲ್ಲಿ ಒಮ್ಮೆ ಸೋತರೆ ಮನೆ ದಾರಿ. ದಶಕಗಳ ಕಾಲ ಕಪ್ ಹೊತ್ತೊಯ್ದವರು ಬ್ರಿಟಿಷ್ ಸೇನೆಯ ತಂಡಗಳೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಆ ಸರಪಳಿಯನ್ನು ಕಡಿಯಿತು. ಫೈನಲ್‌ನಲ್ಲಿ ಎದುರಿಗಿದ್ದದ್ದು ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತಾ ಲೀಗನ್ನು ಬಿಡದೆ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರಿನ ಹುಡುಗರು ಅದನ್ನು ಒಂದೇ ಗೋಲಿನಿಂದ ಮಣಿಸಿದರು.

ಅದೃಷ್ಟದ ಗೆಲುವು ಎನ್ನುವಂತಿಲ್ಲ. ಮರುವರ್ಷವೂ ಕಪ್ ಅವರದೇ. ಆ ಸಲ ಫೈನಲ್‌ನಲ್ಲಿ ಸೋತದ್ದು ಬ್ರಿಟಿಷ್ ಸೇನೆಯ ಪಡೆ.

ಬೆಂಗಳೂರು ಮುಸ್ಲಿಮ್ಸ್ ಮೂರನೇ ಬಾರಿ ರೋವರ್ಸ್ ಕಪ್ ಎತ್ತಿದ್ದು 1948ರಲ್ಲಿ.