ಮನುಷ್ಯರ ಕಟ್ಟಡಗಳೂ ಹಕ್ಕಿಗಳೂ

ಯಾರೂ ಸಾಕದ ಹಕ್ಕಿಗಳು ಕೆಲವು ನಮ್ಮ ಮನೆಗಳ ಸೂರಿನಲ್ಲಿಯೂ ಹಳೆಯ ಗೋಪುರಗಳಲ್ಲಿಯೂ ಸೇತುವೆಗಳ ಅಡಿಯಲ್ಲಿಯೂ ಸಂಸಾರ ಹೂಡಿರುವುದನ್ನು ನಾವೆಲ್ಲರೂ ಬಲ್ಲೆವು. ಅವು ಮನುಷ್ಯರ ಮೇಲಣ ಪ್ರೀತಿಯಿಂದ ಬಂದುವೆಂದು ಹೇಳುವುದು ಕಿವಿಗೆ ಇಂಪಾದರೂ ಸತ್ಯಕ್ಕೆ ದೂರವಾದುದು. ತಮ್ಮ ಪುರಾತನ ನಿವಾಸದ ಹೋಲಿಕೆಯನ್ನು ನಮ್ಮ ಕಟ್ಟಡಗಳಲ್ಲಿ ಕಂಡುದರಿಂದಲೇ ಅವುಗಳಲ್ಲಿ ಹೆಚ್ಚಿನವು ಬಂದಿವೆ.

ಪಾರಿವಾಳದ ಪೂರ್ವಿಕರು ಕಡಿದಾದ ಬಂಡೆಗಳ ಸಂದುಗಳಲ್ಲಿ ಗೂಡು ಕಟ್ಟುತ್ತಿದ್ದುವು. ಕೋಟೆಯ ಗೋಡೆಯಾಗಲಿ, ರೈಲ್ವೆ ನಿಲ್ದಾಣದ ಕಬ್ಬಿಣದ ತೊಲೆಯಾಗಲಿ ಅದಕ್ಕೆ ಬಂಡೆಯೇ ಸರಿ.

ಬಾನಾಡಿ ಎಂಬ ಪುಟ್ಟ ಹಕ್ಕಿಯ ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. ಕಪ್ಪು ಮೈ, ಬಿಳಿಯ ಗಂಟಲು, ಕುಡುಗೋಲಿನಂತೆ ಬಾಗಿದ ರೆಕ್ಕೆಗಳುಳ್ಳ ಇವು ಸಾಯಂಕಾಲ ಹಳೆಯ ಕಟ್ಟಡಗಳ ಸುತ್ತ ಕಿರುಚುತ್ತ ಗುಂಪುಗುಂಪಾಗಿ ಹಾರುವುವು. ಕಾಲಿನ ನಾಲ್ಕು ಬೆರಳುಗಳೂ ಮುಂದಕ್ಕೇ ಚಾಚಿರುವುದರಿಂದ ಬಾನಾಡಿಯು ಗುಬ್ಬಿಯಂತೆ ಕೊಂಬೆಯ ಮೇಲೆ ಕೂಡಲಾರದು. ಒರಟಾದ ಗೋಡೆಯನ್ನು ಉಗುರುಗಳಿಂದ ಹಿಡಿದು ಜೋತಾಡಬಲ್ಲುದಷ್ಟೆ. ಗಾಳಿಯಲ್ಲಿ ತೇಲುವ ಗರಿ, ಹುಲ್ಲೆಳೆಗಳನ್ನು ಹಾರುತ್ತಲೇ ಹಿಡಿದು, ತನ್ನ ಅಂಟಾದ ಎಂಜಲಿನಿಂದ ಕಮಾನಿನ ಅಡಿಗೆ ಮೆತ್ತಿ ಗೂಡು ಮಾಡುವುದು. ಹೀಗಿರಲಾಗಿ, ಊರಲ್ಲಿ ಮರಗಳೆಷ್ಟಿದ್ದರೂ ಇದಕ್ಕೆ ಪ್ರಯೋಜನವಿಲ್ಲ. ಬಂಡೆಯಿಲ್ಲದ ಕಡೆ ಮನುಷ್ಯನ ಕಮಾನೇ ಇದಕ್ಕೆ ಬಂಡೆಯಾಯಿತು.

ಈ ಎರಡು ಹಕ್ಕಿಗಳೂ ನಮಗೋಸ್ಕರ ಹೆಚ್ಚೇನೂ ಬದಲಾಗಬೇಕಾಗಿರಲಿಲ್ಲ. ಆದರೆ ನಿಜವಾಗಿ ಬದಲಾದವುಗಳೂ ಉಂಟು. ಗುಬ್ಬಿಯು ಬೇಸಾಯದ ಬೆನ್ನು ಹಿಡಿದು ಬಂದ ಹಕ್ಕಿ. ಮಧ್ಯ ಏಷ್ಯದಲ್ಲಿ ಇದರ ದಾಯಾದಿ ಗುಬ್ಬಿಯೊಂದು ಈಗಲೂ ಮನುಷ್ಯರ ಆಶ್ರಯವಿಲ್ಲದೆ ಬಾಳುತ್ತಿದೆ. ಇವೆರಡರ ಅನುವಂಶದ ಅಂಶಗಳನ್ನು ಹೋಲಿಸಿದ ವಿದ್ವಾಂಸರು, ತಲೆಬುರುಡೆಯ ಆಕಾರಕ್ಕೂ ಪಿಷ್ಟದ ಜೀರ್ಣಕ್ಕೂ ಸಂಬಂಧಪಟ್ಟವು ಊರಗುಬ್ಬಿಯಲ್ಲಿ ಮಾರ್ಪಟ್ಟಿರುವಂತೆ ತೋರುತ್ತದೆಂದು ೨೦೧೮ರಲ್ಲಿ ಪ್ರಕಟಿಸಿದರು. ಪಿಷ್ಟವೆಂದರೆ ನಾವು ಬೆಳೆದು ಅಂಗಳದಲ್ಲಿ ಒಣಹಾಕುವ ಧಾನ್ಯದ ಸಾರವೇ ಅಲ್ಲವೇ?

ಇನ್ನೂ ಆಶ್ಚರ್ಯಕರವಾದುದು ಅಮೇರಿಕಾ ದೇಶದ ನೆಬ್ರಾಸ್ಕ ಸಂಸ್ಥಾನದ ವರ್ತಮಾನ. ಅಲ್ಲಿ ಬಂಡೆಗಳಿಗೆ ಮಣ್ಣಿನ ಗೂಡು ಮೆತ್ತುತ್ತಿದ್ದ ಕವಲುತೋಕೆಯ ಕುಲದ ಹಕ್ಕಿಗಳು ಹೆದ್ದಾರಿಯ ಸೇತುವೆಗಳ ಅಡಿಗೆ ಬಂದು ನೆಲಸಿದುವು. ಅನೇಕವು ಮೋಟಾರು ಗಾಡಿಗಳಿಗೆ ತಗುಲಿ ಸತ್ತುವು. ಚಾರ್ಲ್ಸ್ ಬ್ರೌನ್, ಮೇರಿ ಬಾಂಬರ್ಗರ್ ಬ್ರೌನ್ ಎಂಬ ಪಂಡಿತರು ಸುಮಾರು ೩೦ ವರ್ಷ ಅದೇ ರಸ್ತೆಗಳಲ್ಲಿ ಸತ್ತ ಹಕ್ಕಿಗಳನ್ನು ಎತ್ತಿ ಎಣಿಸಿ ಅಳೆದರು. ಹಕ್ಕಿಗಳ ಸಂಖ್ಯೆ ಕುಂದದಿದ್ದರೂ ಸಾಯುವವು ವರ್ಷೇ ವರ್ಷೇ ಕಡಿಮೆಯಾದುವು. ಸತ್ತವುಗಳ ರೆಕ್ಕೆ ಬದುಕಿರುವವುಗಳ ರೆಕ್ಕೆಗಿಂತ ಉದ್ದವಾಗಿದ್ದಿತು. ಗಿಡ್ಡ ರೆಕ್ಕೆಯ ಹಕ್ಕಿ ನೆಲದಿಂದ ಥಟ್ಟನೆ ಮೇಲೇಳಬಲ್ಲುದು. ಆದಕಾರಣ ಅದು ಉಳಿದು ಮರಿಮಾಡಿರಬೇಕೆಂದು ಅವರು ೨೦೧೩ರಲ್ಲಿ ತಿಳಿಸಿದರು. ಭೇದವು ಕೆಲವೇ ಮಿಲಿಮೀಟರು. ಪ್ರಾಣ ಉಳಿಯುವುದಕ್ಕೆ ಅಷ್ಟೇ ಸಾಕಾಯಿತು.

ಆದರೂ ಎಲ್ಲಾ ಹಕ್ಕಿಗಳೂ ಎಲ್ಲಾ ಮಾರ್ಪಾಟುಗಳಿಗೂ ಹೊಂದಿಕೊಳ್ಳುವುವೆಂದು ನಂಬಿ ನಾವು ನಿಶ್ಚಿಂತರಾಗಿರಲಾಗದು. ಮಂಗಳೂರು ಹಂಚಿನ ಮನೆಯಲ್ಲಿ ತೊಲೆಗೂ ಗೋಡೆಗೂ ನಡುವೆ ಗುಬ್ಬಿಗೆ ಬೇಕಾದಷ್ಟು ಸಂದು ಇರುತ್ತಿತ್ತು. ಕಾಂಕ್ರೀಟಿನ ಮಾಳಿಗೆಗೂ ನುಣುಪಾದ ಗಾಜಿನ ಗೋಡೆಗೂ ಸಂದೆಲ್ಲಿಯದು? ಇದಲ್ಲದೆ ದೊಡ್ಡ ಗುಬ್ಬಿ ಕಾಳು ತಿಂದರೂ ಎಳೆಯ ಮರಿಗೆ ಹುಳುಗಳೇ ಬೇಕು. ಅಂಗಳಕ್ಕೆಲ್ಲ ಕಲ್ಲು ಹಾಸಿದರೆ ಹುಳುಗಳೂ ಇಲ್ಲ. ದೇಶದಲ್ಲಿ ಒಟ್ಟಾಗಿ ಗುಬ್ಬಿ ಹೆಚ್ಚಾಗಿ ಕುಂದಿಲ್ಲವಾದರೂ ಮಹಾನಗರಗಳಲ್ಲಿ ಕಡಿಮೆಯಾಗಿದೆಯೆಂದು ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತ ೨೦೨೦ರ ವರದಿ ತಿಳಿಸಿತು. ಮೊಬೈಲು ಗೋಪುರಗಳೇ ಕಾರಣವೆಂಬ ಮಾತು ಜನಜನಿತವಾಗಿದ್ದರೂ ಅದಕ್ಕೆ ದೃಢವಾದ ಆಧಾರ ದೊರೆತಿಲ್ಲ.

ಹೊಸ ಮನೆ ಕಟ್ಟಿಸುವ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪಾಲಕರೂ ಇದನ್ನು ಗಮನಿಸಬಹುದು. ಹಳೆಯ ಕಟ್ಟಡಕ್ಕೆ ಸುಣ್ಣ ಬಳಿಸುವಾಗ ಗೂಡಿನಲ್ಲಿ ಮರಿಗಳಿದ್ದರೆ ಕೆಲಸವನ್ನು ಕೆಲವು ವಾರ ಮುಂದಕ್ಕೆ ಹಾಕಿದರಾಯಿತು; ಬಾನಾಡಿಗಳು ಅದೇ ಗೂಡುಗಳಿಗೆ ಮತ್ತೆ ಮತ್ತೆ ಬರುವುವು. ಗುಬ್ಬಿಗಾದರೋ ಹಲಗೆಯ ಪೆಟ್ಟಿಗೆಗೆ ಒಂದೂಕಾಲು ಅಂಗುಲದಷ್ಟು ಅಗಲದ ರಂಧ್ರ ಕೊರೆದು, ಬೆಕ್ಕಿಗೆ ಎಟುಕದಂತೆ ನೆರಳಿನ ಗೋಡೆಗೆ ಬಿಗಿಯಬೇಕು. ಗುಬ್ಬಿಯು ನೆರೆಹೊರೆಯನ್ನು ಬಯಸುವ ಹಕ್ಕಿಯಾದುದರಿಂದ ಎರಡು ಮೂರು ಪೆಟ್ಟಿಗೆಗಳನ್ನು ಹತ್ತಿರ ಹತ್ತಿರವಾಗಿ ಇಡುವುದು ಲೇಸು.