ಸರ್ಪಗಂಧ: ಕಾಡಿನಿಂದ ಕೀಳದೆ ತೋಟದಲ್ಲಿ ಬೆಳೆಸಿರಿ



ಪಣಜಿಯ ದೊಡ್ಡ ಇಗರ್ಜಿಯ ಹತ್ತಿರದ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಹೆಸರಿದೆ. ಆತ 1563ರಲ್ಲಿ ಗೋವೆಯಲ್ಲಿಯೇ ಅಚ್ಚು ಹಾಕಿಸಿದ ಔಷಧ ಗ್ರಂಥದಲ್ಲಿ ಹಾವಿನ ವಿಷಕ್ಕೆ ಬಳಸುತ್ತಿದ್ದ ಬೇರುಗಳ ವಿವರಣೆಯಿದೆ. ಅವುಗಳಲ್ಲೊಂದು ಸರ್ಪಗಂಧವೆಂದು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಸೂತ್ರನಾಭಿ ಎಂದೂ ಇದನ್ನು ಕರೆಯುವುದುಂಟು. ಮೊಣಕಾಲೆತ್ತರದ ಗಿಡ, ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಹಣ್ಣು.

ಇದರ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ, ಕೆರಳಿದ ಮನಸ್ಸನ್ನು ಶಾಂತಗೊಳಿಸುತ್ತದೆ. ಬಿಹಾರದ ಕಡೆ ಇದಕ್ಕೆ 'ಹುಚ್ಚಿನ ಮದ್ದು' ಎಂದೇ ಹೆಸರು. 1949ರಲ್ಲಿ ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಆಮೇಲೆ ಲೋಕವೆಲ್ಲ ಈ ಬೇರಿಗಾಗಿ ನಮ್ಮ ಕಾಡುಗಳತ್ತ ತಿರುಗಿತು.

ತೊಂದರೆ ಇರುವುದು ಇಲ್ಲಿಯೇ. ನೆಲ್ಲಿಕಾಯಿ ಕೊಯ್ದರೆ ಮರ ಉಳಿಯುತ್ತದೆ. ಬೇರು ಕಿತ್ತರೆ ಗಿಡವೇ ಹೋಯಿತು. ಹಣ್ಣಾಗುವ ಮೊದಲೇ ಕಿತ್ತರೆ ಬೀಜವೂ ಇಲ್ಲ. ಹೀಗೆ ಕಾಡಿನಲ್ಲಿ ಗಿಡ ವಿರಳವಾಗಿ, 1990ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಲಾಯಿತು. ಕೊಟಿಗಾಂವ್, ಮಹದಾಯಿಯಂಥ ಅಭಯಾರಣ್ಯಗಳಿಂದ ಕಿತ್ತು ತರುವುದು ಅಪರಾಧ. ದಲ್ಲಾಳಿ ದುಡ್ಡು ಎಣಿಸಿ ಹೋಗುತ್ತಾನೆ, ಸಿಕ್ಕಿಬೀಳುವವರು ಕಿತ್ತವರು.

ಕುಳಾಗರದ ಅಡಿಕೆ, ತೆಂಗಿನ ಅರೆನೆರಳು ಈ ಗಿಡಕ್ಕೆ ಒಗ್ಗುತ್ತದೆ. ನೀರು ನಿಲ್ಲಬಾರದು ಅಷ್ಟೆ. ಬೀಜ ಹೊಸದಾಗಿರಬೇಕು, ಹಳೆಯದು ಮೊಳೆಯುವುದು ಕಡಿಮೆ. ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಮಳೆಗೆ ಮುಂಚೆ ಮಡಿಯಲ್ಲಿ ಬಿತ್ತಿ, ಮಳೆ ಹಿಡಿದ ಮೇಲೆ ಸಸಿ ನೆಡಿರಿ. ಬೇರಿನ ತುಂಡಿನಿಂದಲೂ ಗಿಡ ಬರುತ್ತದೆ. ಒಂದೂವರೆ ವರ್ಷವಾದರೂ ಕಾಯಬೇಕು, ಎರಡು ವರ್ಷವಾದರೆ ಇನ್ನೂ ಒಳ್ಳೆಯದು. ಅಷ್ಟರಲ್ಲಿ ಹಣ್ಣು ಆಯ್ದು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬಹುದು. ಚಳಿಗಾಲದಲ್ಲಿ ಎಲೆ ಉದುರಿದಾಗ ಅಗೆಯಿರಿ. ಸತ್ವದ ಬಹುಪಾಲು ಬೇರಿನ ಸಿಪ್ಪೆಯಲ್ಲಿರುವುದರಿಂದ ತೊಳೆಯುವಾಗ ಸಿಪ್ಪೆ ಸುಲಿಯದಂತೆ ನೋಡಿಕೊಳ್ಳಬೇಕು.

ಮನೆಯಲ್ಲಿ ಬೆಳೆದದ್ದೆಂದು ಬಿ.ಪಿ.ಗೆ ತಾವೇ ಅರೆದು ಕುಡಿಯುವವರಿದ್ದಾರೆ. ದಯವಿಟ್ಟು ಬೇಡ. ಗಿಡದಿಂದ ಗಿಡಕ್ಕೆ ಸತ್ವದ ಪ್ರಮಾಣ ಬೇರೆ. ಮನಸ್ಸನ್ನು ಶಾಂತಗೊಳಿಸುವ ಇದೇ ಬೇರು ಹೆಚ್ಚಾದರೆ ಮನಸ್ಸನ್ನು ಕುಗ್ಗಿಸಿ, ಬದುಕೇ ಬೇಡವೆನ್ನುವ ಸ್ಥಿತಿಗೆ ತರಬಲ್ಲದು. ಖಿನ್ನತೆ ಅಥವಾ ಹೊಟ್ಟೆಹುಣ್ಣು ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ಮುಟ್ಟಲೇಬಾರದು. ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಇದನ್ನೂ ಸೇರಿಸಿದರೆ ರಕ್ತದೊತ್ತಡ ತೀರಾ ಇಳಿಯಬಹುದು. ಸಂಜೆಯ ಫೆಣಿಯೂ ಸೇರಿದರೆ ಮಂಪರು ಹೆಚ್ಚುತ್ತದೆ.

ಮಾರಲು ಬಯಸುವವರು ನೆಡುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಬೀಜ ಅಥವಾ ಸಸಿ ಕೊಂಡ ರಸೀದಿಯನ್ನು ಜೋಪಾನವಾಗಿಡಿ. ಬೇರು ಕಾಡಿನದಲ್ಲ, ನಿಮ್ಮ ತೋಟದ್ದು ಎಂದು ತೋರಿಸಲು ಅದು ಬೇಕಾಗುತ್ತದೆ.