ಕೊಂದವರು ಯಾರೆಂದು ಊರಿಗೆಲ್ಲ ಗೊತ್ತು

ಸಿರಸಂಗಿ ಎಂದೊಡನೆ ನೆನಪಾಗುವುದು ಕಾಳಿಕಾದೇವಿಯ ಗುಡಿ. ಇಲ್ಲವೆ ತಮ್ಮ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು. ಅಪರಾಧದ ಕಥೆಗಳನ್ನು ಕುರಿತ ಮಾತನ್ನು ಅಂಥ ಊರಿನಿಂದ ಆರಂಭಿಸುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಸವದತ್ತಿ, ಬೈಲಹೊಂಗಲದ ಸೀಮೆಯ ಜನ ತಲೆಮಾರುಗಳಿಂದ ನಿದ್ದೆಗೆಟ್ಟು ನೋಡುತ್ತ ಬಂದ ಆಟವೊಂದು ಕೊಲೆಯ ಕಥೆಯೇ ಆಗಿದೆ. ಅದು ‘ಸಂಗ್ಯಾ ಬಾಳ್ಯಾ’.

ದೊಡ್ಡಾಟಕ್ಕೆ ರಾಜರು ಬೇಕು, ರಾಕ್ಷಸರು ಬೇಕು. ಸಣ್ಣಾಟಕ್ಕೆ ಪಕ್ಕದ ಓಣಿಯ ಒಂದು ಮನೆ ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಲಹೊಂಗಲದಲ್ಲಿ ನಡೆಯಿತೆಂದು ಜನ ನಂಬಿಕೊಂಡು ಬಂದ ಘಟನೆಯನ್ನು ಪತ್ತಾರ ಮಾಸ್ತರರು ಆಟವಾಗಿ ಕಟ್ಟಿದರು. ಸಂಗ್ಯಾ ತನ್ನ ಸ್ನೇಹಿತ ಈರ್ಯಾನ ಹೆಂಡತಿ ಗಂಗಿಯನ್ನು ಮೋಹಿಸುತ್ತಾನೆ. ಮೊದಲು ಒಲ್ಲೆನೆಂದ ಗಂಗಿ, ಗಂಡ ವ್ಯಾಪಾರಕ್ಕೆಂದು ಪರ ಊರಿಗೆ ಹೋದಾಗ, ಮುದುಕಿಯೊಬ್ಬಳ ಸಂಧಾನದಿಂದ ಮನಸ್ಸು ಸಡಿಲಿಸುತ್ತಾಳೆ. ಸುದ್ದಿ ತಿಳಿದ ಈರ್ಯಾ ತಮ್ಮಂದಿರೊಡನೆ ಹೊಂಚು ಹಾಕುತ್ತಾನೆ. ಸಂಗ್ಯಾನನ್ನು ಅವರ ಕೈಗೆ ಒಪ್ಪಿಸುವವನು ಅವನ ಜೀವದ ಗೆಳೆಯ ಬಾಳ್ಯಾನೇ.

ಇಲ್ಲಿ ಪತ್ತೇದಾರನಿಗೆ ಕೆಲಸವಿಲ್ಲ. ಕೊಲ್ಲುವವರಾರು, ಸಾಯುವವನಾರು ಎಂಬುದನ್ನು ಆಟ ಆರಂಭವಾಗುವ ಮೊದಲೇ ಕಂಬಳಿ ಹಾಸಿ ಕುಳಿತ ಪ್ರೇಕ್ಷಕ ಬಲ್ಲ. ಆದರೂ ಬಾಳ್ಯಾ ತಿರುಗಿಬೀಳುವ ಗಳಿಗೆಯಲ್ಲಿ ಅವನ ಉಸಿರು ಬಿಗಿಹಿಡಿಯುತ್ತದೆ. ನಾಲ್ಕನೆಯ ಇಯತ್ತೆಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪುಸ್ತಕ ಮುಟ್ಟದವರ ಕೈಗೂ ಪುಸ್ತಕ ಕೊಟ್ಟರು. ಅದು ಸಣ್ಣ ಉಪಕಾರವಲ್ಲ. ಆದರೆ ಅಂಥ ಕಥೆಯಲ್ಲಿ ಅಪರಾಧಿ ಸಿಕ್ಕೊಡನೆ ಎಲ್ಲವೂ ಮುಗಿಯಿತು; ಪುಸ್ತಕವನ್ನು ಮಡಿಚಿಟ್ಟು ನಿಶ್ಚಿಂತೆಯಿಂದ ಮಲಗಬಹುದು. ಸಣ್ಣಾಟ ನೋಡಿದವನಿಗೆ ಆ ನಿಶ್ಚಿಂತೆಯಿಲ್ಲ. ಕೊಲೆಗಾರ ಹೊರಗಿನಿಂದ ಬಂದವನಲ್ಲ, ನೆರೆಮನೆಯವನು.

ಫ್ರಾನ್ಸಿನ ಎಮಿಲ್ ಜೋಲಾ 1867ರಲ್ಲಿ ‘ತೆರೇಸ್ ರಾಕಾಂ’ ಕಾದಂಬರಿಯಲ್ಲಿ ಇಂಥದೇ ತ್ರಿಕೋನವನ್ನು ಇಟ್ಟ. ಅಲ್ಲಿಯೂ ಗಂಡ, ಹೆಂಡತಿ, ಗಂಡನ ಗೆಳೆಯ. ಪ್ಯಾರಿಸಿನ ಕತ್ತಲೆಯ ಓಣಿಯೊಂದರ ಸಣ್ಣ ಅಂಗಡಿ. ಸಾಯುವವನು ಮಾತ್ರ ಗಂಡ. ಆ ಕಾಲದ ವಿಮರ್ಶಕರು ಅದನ್ನು ಹೊಲಸು ಸಾಹಿತ್ಯವೆಂದು ಜರೆದರು. ನಮ್ಮ ಸುಶಿಕ್ಷಿತರು ಸಣ್ಣಾಟವನ್ನು ನೋಡಿ ಮೂಗು ಮುರಿದದ್ದೂ ಇದೇ ಬಗೆಯದು.

ಬಡತನ ಮತ್ತು ಅಪರಾಧಗಳ ನಂಟನ್ನು ಇನ್ನೂ ನೇರವಾಗಿ ತೋರಿಸಿದವರು ದೇವನೂರ ಮಹಾದೇವರು. ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಗೆ ಕದ್ದ ಕಡಲೆಕಾಯಿಯ ಮೂಟೆ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ. ಮರುದಿನ ಪೊಲೀಸರು ಬಂದು ಗುಡಿಸಲನ್ನು ಜಾಲಾಡಿದರೆ ಸಿಗುವುದೇನು? ಕಾಯಿದೆಯ ಪುಸ್ತಕದಲ್ಲಿ ಅದು ಕಳವು. ಓದುವವನಿಗೆ ಅದು ಆ ಮನೆಯ ಒಂದು ಹಬ್ಬದೂಟ. ಹಸಿವೆ ಎಂಬ ಮಾತನ್ನು ಗಟ್ಟಿಯಾಗಿ ಕೂಗದೆಯೇ ಲೇಖಕರು ನಮ್ಮನ್ನು ಕಳ್ಳರ ಪಂಕ್ತಿಯಲ್ಲಿ ಕೂಡಿಸಿಬಿಡುತ್ತಾರೆ. 1984ರ ‘ಕುಸುಮಬಾಲೆ’ಯ ನಡುವೆ ಕೊಲೆಯೇ ಇದೆ: ಮೇಲುಜಾತಿಯ ಹೆಣ್ಣನ್ನು ಪ್ರೀತಿಸಿದ ದಲಿತ ಯುವಕ ಚನ್ನನ ಕೊಲೆ. ಅವನು ಬೊಂಬಾಯಿಗೆ ಹೋದನೆಂಬ ಮಾತು ಹಬ್ಬುತ್ತದೆ. ಬೈಲಹೊಂಗಲದ ಆಟದಲ್ಲಿ ಕೊಲೆ ಊರಿಗೆಲ್ಲ ಗೊತ್ತು. ಇಲ್ಲಿ ಕೊಲೆಯ ಮೇಲೆ ಸುಳ್ಳೊಂದನ್ನು ಹೊದಿಸಲಾಗಿದೆ. ಯಾರ ಸಾವು ಹಾಡಾಗುತ್ತದೆ, ಯಾರ ಸಾವು ಗಾಳಿಸುದ್ದಿಯಾಗುತ್ತದೆ ಎಂಬುದನ್ನು ಜಾತಿ ನಿರ್ಧರಿಸುವುದನ್ನು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಾಣುತ್ತೇವೆ.

ಇನ್ನೊಂದು ಮಾತು. ಸಣ್ಣಾಟದ ಹೆಸರಿನಲ್ಲಿ ಇಬ್ಬರು ಗಂಡಸರಿದ್ದಾರೆ, ಗಂಗಿಯಿಲ್ಲ. ಕೊಲೆಯಾದ ಮರುದಿನ ಆ ಮನೆಯ ಒಲೆಯನ್ನು ಹೊತ್ತಿಸಿದವರು ಯಾರು, ನೀರಿಗೆ ಹೋದಾಗ ಬಾವಿಯ ಕಟ್ಟೆಯ ಮೇಲಿನ ಹೆಂಗಸರು ಅವಳಿಗೆ ಏನೆಂದರು? ಅದನ್ನು ಅವಳ ಬಾಯಿಂದಲೇ ಕೇಳುವ ಆಸೆ ನನಗೆ.